ಬೆಳ್ಳಿಗೂ ಚಿನ್ನಕ್ಕೂ ನಡುವೆ ಅರ್ಧ ಸೆಕೆಂಡು

ಮೂರು ವಾರದಿಂದ ರಾತ್ರಿ ಊಟ ಮುಗಿದ ಮೇಲೆ ನನ್ನ ಹಟ ಒಂದೇ. ಗ್ರಾನ್ ಟುರಿಸ್ಮೊ 7 ಎಂಬ ಕಾರು ರೇಸಿನ ವಿಡಿಯೋ ಗೇಮ್‌ನ ಸೂಪರ್ ಲೈಸೆನ್ಸ್ ಪರೀಕ್ಷೆಯಲ್ಲಿ, ಮಳೆ ಹೊಯ್ಯುತ್ತಿರುವ ಸ್ಪಾ-ಫ್ರಾಂಕೋರ್ಶಾಂ ಟ್ರ್ಯಾಕಿನ ಒಂದು ಸುತ್ತನ್ನು ಚಿನ್ನದ ಪದಕದ ಸಮಯದೊಳಗೆ ಮುಗಿಸಬೇಕು. ಕಂಚು ಮೊದಲ ದಿನವೇ ಬಂತು. ಬೆಳ್ಳಿ ನಾಲ್ಕನೆಯ ದಿನ ಬಂತು. ಆಮೇಲೆ ಗಡಿಯಾರ ಜಗ್ಗಲಿಲ್ಲ. ಚಿನ್ನಕ್ಕೆ ಇನ್ನೂ 0.412 ಸೆಕೆಂಡು ಬೇಕಿತ್ತು. ಎರಡು ನಿಮಿಷ ಮೀರಿದ ಸುತ್ತಿನಲ್ಲಿ ಅರ್ಧ ಸೆಕೆಂಡೂ ಇಲ್ಲದ ಅಂತರ ಅದು, ಕಣ್ಣು ಒಮ್ಮೆ ಮಿಟುಕಿಸಿ ತೆರೆಯುವಷ್ಟು ಹೊತ್ತು.

ಇಂಥ ಆಟ ಆಡಿದವರಿಗೆ ಆ ಹೊತ್ತಿನ ಸಂಕಟ ಗೊತ್ತು. ಕೊನೆಯ ತಿರುವು ದಾಟಿ ಗೆರೆ ಮುಟ್ಟುವಾಗ ಮುಂದೆ ಗಾಜಿನಂಥ ಕಾರೊಂದು ಹೋಗುತ್ತಿರುತ್ತದೆ. ಮೊದಲೇ ದಾಖಲಾದ ವೇಗದ ಸುತ್ತೊಂದರ ನೆರಳು ಅದು, ಆಟಗಾರರು ಅದನ್ನು ಗೋಸ್ಟ್ ಎನ್ನುತ್ತಾರೆ. ಮುಟ್ಟಿದರೆ ತಾಗುವುದಿಲ್ಲ, ಅಡ್ಡ ಬಂದರೆ ತಡೆಯುವುದಿಲ್ಲ. ಪ್ರತಿ ಸಲವೂ ಅದೇ ಜಾಗದಲ್ಲಿ ಅದೇ ವೇಗದಲ್ಲಿ ಹೋಗುತ್ತದೆ. ಗೆರೆಯನ್ನು ಅದು ಮೊದಲು ದಾಟುತ್ತದೆ, ನಾನು ಆಮೇಲೆ. ಪರದೆಯ ಮೇಲೆ ಕೆಂಪು ಅಂಕಿ ಬೀಳುತ್ತದೆ. ಎಡಗೈ ಹೆಬ್ಬೆರಳಿನ ತುದಿ ಸ್ಟಿಕ್ಕಿನ ಅಂಚಿಗೆ ಉಜ್ಜಿ ಕೆಂಪಾಗಿರುತ್ತದೆ. ಬಲಗೈ ತೋರುಬೆರಳು ಟ್ರಿಗರ್ ಒತ್ತಿ ಒತ್ತಿ ಮರಗಟ್ಟಿರುತ್ತದೆ. ಆದರೂ ಹೆಬ್ಬೆರಳು ತಾನಾಗಿಯೇ, ಮತ್ತೆ ಮೊದಲಿನಿಂದ ಶುರು ಮಾಡುವ ‘ರೀಟ್ರೈ’ ಕಡೆಗೆ ಹೋಗುತ್ತದೆ.

ಈ ಸಿಟ್ಟನ್ನು ನಾನು ಹಗುರವಾಗಿ ಕಾಣಲಾರೆ. ಇದರ ಬಗ್ಗೆ ಬರೆಯಬೇಕು ಎನ್ನಿಸಿದ್ದು ಅದಕ್ಕೇ. ಬೇರೆ ಆಟದಲ್ಲಿ ಸೋತರೆ ಹೇಳಿಕೊಳ್ಳಲು ಕಾರಣವಿರುತ್ತದೆ. ಎದುರಾಳಿ ಬಲಶಾಲಿ, ಜೊತೆಗಾರ ಕೈಕೊಟ್ಟ, ಎಲೆ ಸರಿಯಾಗಿ ಬೀಳಲಿಲ್ಲ ಎನ್ನಬಹುದು. ಗಡಿಯಾರದ ಎದುರು ಒಬ್ಬರೇ ಓಡಿಸುವ ಈ ಟೈಮ್ ಟ್ರಯಲ್‌ನಲ್ಲಿ ಇದಾವುದೂ ಇಲ್ಲ. ರಸ್ತೆ ಅದೇ, ಕಾರು ಅದೇ, ಮಳೆಯೂ ಅದೇ. ಬದಲಾಗುವುದು ನನ್ನ ಕೈ ಮಾತ್ರ. ಸೋಲಿಗೆ ಬೇರೆ ವಾರಸುದಾರರಿಲ್ಲ. ಅದಕ್ಕೇ ಅದು ನೇರ ಎದೆಗೆ ಬಂದು ತಾಗುತ್ತದೆ.

ಈ ಬಗೆಯ ಆಟ ಹೊಸತಲ್ಲ. 1992ರ ಸೂಪರ್ ಮಾರಿಯೊ ಕಾರ್ಟ್‌ನಲ್ಲೇ ನಮ್ಮ ಹಿಂದಿನ ಓಟ ಗೋಸ್ಟ್ ಆಗಿ ಎದುರು ಓಡುತ್ತಿತ್ತು. ಅದಕ್ಕೆ ಪರೀಕ್ಷೆಯ ರೂಪ ಕೊಟ್ಟಿದ್ದು ಗ್ರಾನ್ ಟುರಿಸ್ಮೊ. ಕಝುನೊರಿ ಯಾಮಾಉಚಿ ಮತ್ತು ತಂಡ ಐದು ವರ್ಷ ಕೂತು ಕಟ್ಟಿದ ಮೊದಲ ಆಟ 1997ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಹೊರಬಂತು, ಒಂದು ಕೋಟಿಗೂ ಮಿಕ್ಕಿ ಪ್ರತಿ ಮಾರಾಟವಾಯಿತು. ರೇಸಿಗೆ ಇಳಿಯುವ ಮೊದಲು ಲೈಸೆನ್ಸ್ ತೆಗೆದುಕೊಳ್ಳಬೇಕು ಎಂಬ ನಿಯಮವನ್ನು ಅವರು ಇಟ್ಟರು. ಇಷ್ಟು ದೂರದಲ್ಲಿ ಬ್ರೇಕ್ ಹಿಡಿದು ಈ ಗೆರೆಯೊಳಗೆ ನಿಲ್ಲಿಸು, ಈ ಒಂದು ತಿರುವನ್ನು ಇಷ್ಟು ಸೆಕೆಂಡಿನಲ್ಲಿ ದಾಟು, ಹೀಗೆ ಪಾಠ ಪಾಠವಾಗಿ ಪರೀಕ್ಷೆ. 2022ರ ಮಾರ್ಚ್‌ನಲ್ಲಿ ಬಂದ ಏಳನೆಯ ಆಟದಲ್ಲಿ ಐದು ಲೈಸೆನ್ಸ್, ಒಂದೊಂದರಲ್ಲಿ ಹತ್ತು ಪರೀಕ್ಷೆ. ಕಂಚು ಬಂದರೆ ಪಾಸು. ಬೆಳ್ಳಿ ಮತ್ತು ಚಿನ್ನ ನಮ್ಮ ನಮ್ಮ ಮನಸ್ಸಿಗೆ ಬಿಟ್ಟದ್ದು. ಮನಸ್ಸಿಗೆ ಬಿಟ್ಟದ್ದೇ ಹೆಚ್ಚು ಕಾಡುತ್ತದೆ.

ಇನ್ನು ಟ್ರ್ಯಾಕಿಗೆ ಬರೋಣ. ಸ್ಪಾ ಇರುವುದು ಬೆಲ್ಜಿಯಂನ ಆರ್ಡೆನ್ ಕಾಡುಗುಡ್ಡಗಳ ನಡುವೆ. ಮೊದಲು ಫ್ರಾಂಕೋರ್ಶಾಂ, ಮಾಲ್ಮೆಡಿ, ಸ್ಟಾವ್ಲೋ ಊರುಗಳನ್ನು ಕೂಡಿಸುವ ಸಾರ್ವಜನಿಕ ರಸ್ತೆಗಳ ಮೇಲೆಯೇ ಹದಿನೈದು ಕಿಲೋಮೀಟರಿನ ತ್ರಿಕೋನವಾಗಿತ್ತು. 1979ರಲ್ಲಿ ಏಳು ಕಿಲೋಮೀಟರಿಗೆ ಇಳಿಸಿದರು. ಅತಿ ತಗ್ಗಿನ ಜಾಗಕ್ಕೂ ಅತಿ ಎತ್ತರದ ಜಾಗಕ್ಕೂ ಸುಮಾರು ನೂರು ಮೀಟರ್ ವ್ಯತ್ಯಾಸವಿದೆ. ಒಂದು ತುದಿಯಲ್ಲಿ ಮಳೆ, ಇನ್ನೊಂದು ತುದಿಯಲ್ಲಿ ಬಿಸಿಲು ಎಂಬುದು ಅಲ್ಲಿ ಮಾಮೂಲು. 1998ರ ಫಾರ್ಮುಲಾ ಒನ್ ರೇಸಿನಲ್ಲಿ ಮಳೆಯ ನಡುವೆ ಮೊದಲ ತಿರುವು ದಾಟಿದ ಕೂಡಲೇ ಹದಿಮೂರು ಕಾರು ಒಂದಕ್ಕೊಂದು ಗುದ್ದಿಕೊಂಡವು. 2021ರಲ್ಲಿ ಮಳೆ ಬಿಡಲೇ ಇಲ್ಲ. ಸೇಫ್ಟಿ ಕಾರಿನ ಹಿಂದೆ ಒಂದೆರಡು ಸುತ್ತು ಮೆರವಣಿಗೆ ಮಾಡಿಸಿ ರೇಸ್ ಮುಗಿಸಿದರು. ವೃತ್ತಿಪರರನ್ನೇ ಹೆದರಿಸಿದ ಮಳೆ ಅದು. ಅದರಲ್ಲಿ ಚಿನ್ನ ತೆಗೆಯಬೇಕೆಂದು ಆಟ ಕೇಳುತ್ತದೆ.

ನಾನು ಸೋಲುತ್ತಿದ್ದದ್ದು ಎಲ್ಲಿ? ಎರಡು ವಾರ ನನಗೆ ಅನುಮಾನವೇ ಇರಲಿಲ್ಲ: ಲೇ ಕೋಂಬ್‌ನಲ್ಲಿ. ಕೆಮ್ಮೆಲ್ ಎಂಬ ಉದ್ದನೆಯ ನೇರ ರಸ್ತೆ ಮುಗಿದು ಬಲಕ್ಕೆ ತಿರುಗುವ ಜಾಗ ಅದು. ಅಲ್ಲಿಗೆ ಬರುವಷ್ಟರಲ್ಲಿ ಗೋಸ್ಟ್ ನನಗಿಂತ ಎರಡು ಕಾರಿನಷ್ಟು ಮುಂದೆ ಇರುತ್ತಿತ್ತು. ಅಂದರೆ ಬ್ರೇಕನ್ನು ನಾನು ಬೇಗ ಹಿಡಿಯುತ್ತಿದ್ದೇನೆ, ಧೈರ್ಯ ಸಾಲದು, ಇನ್ನೂ ಒಳಗೆ ಹೋಗಿ ಹಿಡಿಯಬೇಕು ಎಂದುಕೊಂಡೆ. ಹಾಗೇ ಮಾಡಿದೆ. ನೂರಾರು ಸಲ ಕಾರು ಜಾರಿ ಹುಲ್ಲಿಗೆ ಇಳಿಯಿತು. ಹುಲ್ಲಿಗೆ ಇಳಿದರೆ ಪರೀಕ್ಷೆ ಅಲ್ಲಿಗೇ ಮುಗಿಯುತ್ತದೆ.

ಒಂದು ರಾತ್ರಿ ಗೆಲ್ಲುವ ಆಸೆ ಬದಿಗಿಟ್ಟು ಗೋಸ್ಟನ್ನು ನೋಡುತ್ತಾ ಅದರ ಹಿಂದೆ ಸುಮ್ಮನೆ ಹೋದೆ. ಆಗ ಕಂಡಿತು. ಲೇ ಕೋಂಬ್‌ನಲ್ಲಿ ನಾವಿಬ್ಬರೂ ಹೆಚ್ಚುಕಮ್ಮಿ ಒಂದೇ ಜಾಗದಲ್ಲಿ ಬ್ರೇಕ್ ಹಿಡಿಯುತ್ತಿದ್ದೆವು. ಅಂತರ ಅಲ್ಲಿ ಹುಟ್ಟಿದ್ದಲ್ಲ, ಅಲ್ಲಿ ಬರೀ ಕಣ್ಣಿಗೆ ಬಿದ್ದದ್ದು. ಹುಟ್ಟಿದ್ದು ಅದಕ್ಕೂ ಸುಮಾರು ಎರಡು ಕಿಲೋಮೀಟರ್ ಹಿಂದೆ, ಲಾ ಸೂರ್ಸ್ ಎಂಬ ಮೊಟ್ಟಮೊದಲ ಬಲ ತಿರುವಿನಲ್ಲಿ. ಆ ತಿರುವನ್ನು ನಾನು ಚೆನ್ನಾಗಿ ಮಾಡುತ್ತಿದ್ದೇನೆ ಎಂದೇ ನಂಬಿದ್ದೆ. ಅಲ್ಲಿ ನಾನು ಒಮ್ಮೆಯೂ ಜಾರುತ್ತಿರಲಿಲ್ಲ. ತಿರುವಿನ ಒಳಗೆ ಹೋಗುವಾಗ ಗೋಸ್ಟನ್ನು ಹಿಂದೆಯೂ ಹಾಕುತ್ತಿದ್ದೆ. ಆ ಸಂತೋಷವೇ ದುಬಾರಿಯಾಗಿತ್ತು.

ಲಾ ಸೂರ್ಸ್ ನಮ್ಮ ಘಾಟಿಯ ಹೇರ್‌ಪಿನ್ ತಿರುವಿನ ಹಾಗೆ. ಆಗುಂಬೆ ಹತ್ತುವ ಬಸ್ಸಿನಲ್ಲಿ ಚಾಲಕರ ಹಿಂದಿನ ಸೀಟಿನಲ್ಲಿ ಕೂತವರಿಗೆ ಗೊತ್ತಿರುತ್ತದೆ. ತಿರುವು ಬರುವ ಮೊದಲೇ ಅವರು ಬಸ್ಸನ್ನು ಹೊರ ಅಂಚಿಗೆ ಒಯ್ಯುತ್ತಾರೆ, ಅಲ್ಲಿ ತೀರ ನಿಧಾನವಾಗಿ ಮೂತಿ ತಿರುಗಿಸುತ್ತಾರೆ, ಮೂತಿ ಮುಂದಿನ ರಸ್ತೆಗೆ ನೇರವಾದ ಮೇಲೆ ಒತ್ತುತ್ತಾರೆ. ಒಳಗೆ ಜೋರಾಗಿ ನುಗ್ಗಿದ ಗಾಡಿ ತಿರುವಿನ ಕೊನೆಯಲ್ಲಿ ಹೊರಕ್ಕೆ ಎಳೆಯುತ್ತದೆ, ಆಗ ಎಕ್ಸಲರೇಟರ್ ಕೊಡಲಾಗದು. ಗೋಸ್ಟ್ ಮಾಡುತ್ತಿದ್ದದ್ದೂ ಅದನ್ನೇ. ಒಳಗೆ ನನಗಿಂತ ನಿಧಾನ. ಹೊರಬರುವಾಗ ನನಗಿಂತ ಬೇಗ ನೇರವಾಗಿ, ಬೇಗ ಪೂರ್ತಿ ಒತ್ತುತ್ತಿತ್ತು. ಹೊರಬರುವ ಕ್ಷಣದಲ್ಲಿ ನನಗೂ ಅದಕ್ಕೂ ಇದ್ದ ವ್ಯತ್ಯಾಸ ಗಂಟೆಗೆ ನಾಲ್ಕೈದು ಕಿಲೋಮೀಟರ್ ಇರಬಹುದು, ಕಣ್ಣಿಗೆ ಕಾಣದಷ್ಟು.

ಈಗ ಲೆಕ್ಕ ಹಾಕಿ. ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಒಂದು ಕಿಲೋಮೀಟರ್ ದಾಟಲು 18 ಸೆಕೆಂಡು ಬೇಕು. 205ರ ವೇಗದಲ್ಲಿ 17.56 ಸೆಕೆಂಡು ಸಾಕು. ವ್ಯತ್ಯಾಸ 0.44. ನಿಜವಾದ ರಸ್ತೆಯಲ್ಲಿ ಲೆಕ್ಕ ಇಷ್ಟು ಸರಳವಲ್ಲ. ವೇಗ ಏರುತ್ತಾ ಹೋದಂತೆ ಗಾಳಿಯ ತಡೆಯೂ ಏರುತ್ತದೆ, ಹಿಂದಿದ್ದ ಕಾರಿನ ವೇಗ ಸ್ವಲ್ಪ ಸ್ವಲ್ಪವಾಗಿ ಸಮಕ್ಕೆ ಬರುತ್ತದೆ. ಆದರೂ ಸಂಗತಿ ಸ್ಪಷ್ಟ. ತಿರುವಿನಿಂದ ಹೊರಬಂದ ವೇಗವನ್ನು ಮುಂದಿನ ನೇರ ರಸ್ತೆ ಉದ್ದಕ್ಕೂ ಹೊತ್ತುಕೊಂಡು ಹೋಗುತ್ತದೆ, ಸಾಲದ ಬಡ್ಡಿಯ ಹಾಗೆ. ಲಾ ಸೂರ್ಸ್ ಆದ ಮೇಲೆ ಇಳಿಜಾರು, ಓ ರೂಜ್ ಹಳ್ಳದ ತಗ್ಗು, ರೇದಿಯೋಂ ಏರು, ಆಮೇಲೆ ಕೆಮ್ಮೆಲ್. ಬಡ್ಡಿ ಬೆಳೆಯಲು ಇಷ್ಟು ಉದ್ದದ ರಸ್ತೆ ಸಾಕು. (ಓ ರೂಜ್ ಎಂದರೆ ಕೆಂಪು ನೀರು. ಅಲ್ಲಿ ಹರಿಯುವ ತೊರೆಯಲ್ಲಿ ಕಬ್ಬಿಣದ ಅಂಶವಿದೆ, ಅದರಿಂದ ಬಂದ ಹೆಸರು.)

ಟೈಮ್ ಟ್ರಯಲ್‌ನ ಸಿಟ್ಟಿನ ಮೂಲ ಇಲ್ಲಿದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಸೋತ ಜಾಗ ಒಂದು, ಸೋಲು ಕಾಣುವ ಜಾಗ ಇನ್ನೊಂದು. ನಾವು ಕಾಣುವ ಜಾಗದಲ್ಲಿ ತಲೆ ಚಚ್ಚಿಕೊಳ್ಳುತ್ತೇವೆ. ಇನ್ನೂ ಜೋರು, ಇನ್ನೂ ತಡವಾಗಿ, ಇನ್ನೂ ಧೈರ್ಯವಾಗಿ ಎಂದು ಅಲ್ಲೇ ಒತ್ತುತ್ತೇವೆ. ಅಲ್ಲಿ ಸರಿಪಡಿಸಲು ಏನೂ ಇರುವುದಿಲ್ಲ. ಎಷ್ಟು ಶ್ರಮ ಹಾಕಿದರೂ ಅಂಕಿ ಅಲುಗದು. ಶ್ರಮಕ್ಕೆ ತಕ್ಕ ಫಲ ಸಿಗದಿದ್ದಾಗ ಬರುವ ಸಿಟ್ಟು ಬೇರೆಲ್ಲ ಸಿಟ್ಟಿಗಿಂತ ಕಹಿ.

ಮಳೆಯಲ್ಲಿ ಇದು ಇನ್ನೂ ಸೂಕ್ಷ್ಮ. ಟೈರು ನೆಲವನ್ನು ಮುಟ್ಟುವುದು ಅಂಗೈಯಷ್ಟು ಅಗಲದಲ್ಲಿ. ಅಷ್ಟು ಜಾಗಕ್ಕೆ ಇರುವುದು ಒಂದೇ ಜೇಬು ಎಂದುಕೊಳ್ಳಿ. ಬ್ರೇಕ್ ಹಿಡಿಯಲು, ತಿರುಗಲು, ವೇಗ ಏರಿಸಲು, ಮೂರಕ್ಕೂ ಆ ಒಂದೇ ಜೇಬಿನಿಂದ ಖರ್ಚು. ಪೂರ್ತಿ ಬ್ರೇಕಿಗೆ ಹಾಕಿದರೆ ತಿರುಗಲು ಕಾಸು ಉಳಿಯದು, ಸ್ಟಿಯರಿಂಗ್ ತಿರುಗಿಸಿದರೂ ಕಾರು ನೇರಕ್ಕೆ ಹೋಗುತ್ತದೆ. ಒಣ ರಸ್ತೆಯಲ್ಲಿ ಜೇಬು ತುಂಬಿರುತ್ತದೆ, ಚಿಕ್ಕಪುಟ್ಟ ದುಂದು ಗೊತ್ತಾಗುವುದಿಲ್ಲ. ನೀರು ನಿಂತಾಗ ಜೇಬು ಹಗುರ. ಬಲ್ಲವರು ಬ್ರೇಕನ್ನು ನೇರ ರಸ್ತೆಯಲ್ಲಿ ಗಟ್ಟಿಯಾಗಿ ಹಿಡಿದು, ತಿರುಗಲು ಶುರು ಮಾಡುತ್ತಿದ್ದಂತೆ ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತಾರೆ. ಬ್ರೇಕಿನಿಂದ ಉಳಿದದ್ದನ್ನು ಸ್ಟಿಯರಿಂಗಿಗೆ ಕೊಡುತ್ತಾ ಹೋಗುವ ಕೈಚಳಕ ಅದು. ಇದಕ್ಕೆ ಟ್ರೇಲ್ ಬ್ರೇಕಿಂಗ್ ಎನ್ನುತ್ತಾರೆ. ಆಟವೇ ಮಾದರಿಯಾಗಿ ಓಡಿಸಿ ತೋರಿಸುವ ಡೆಮೊದಲ್ಲಿ ಪರದೆಯ ಕೆಳಗಿನ ಬ್ರೇಕಿನ ಪಟ್ಟಿ ನೋಡಿದರೆ ತಿಳಿಯುತ್ತದೆ. ನನ್ನ ಪಟ್ಟಿ ಸ್ವಿಚ್ ಹಾಕಿ ತೆಗೆದ ಹಾಗೆ ಒಮ್ಮೆಲೇ ಇಳಿಯುತ್ತಿತ್ತು, ಡೆಮೊದ್ದು ಸಂಜೆಯ ಬೆಳಕಿನಂತೆ ಇಳಿಯುತ್ತಿತ್ತು. ಆ ಪಟ್ಟಿಯನ್ನು ಒಂದು ಇಡೀ ರಾತ್ರಿ ನೋಡಿದೆ. ಆಟ ಆಡದೆ ಬರೀ ನೋಡಿದ ಆ ರಾತ್ರಿಯಲ್ಲಿ ನಾನು ಕಲಿತಷ್ಟು ಹಿಂದಿನ ವಾರದಲ್ಲಿ ಕಲಿತಿರಲಿಲ್ಲ.

ಮಳೆಯ ಇನ್ನೊಂದು ಪಾಠ ನಮ್ಮ ಸ್ಕೂಟರ್ ಸವಾರರಿಗೆಲ್ಲ ಗೊತ್ತು. ಮುಂಗಾರಿನ ಮೊದಲ ಮಳೆಗೆ ರಸ್ತೆ ಅತಿ ಹೆಚ್ಚು ಜಾರುತ್ತದೆ, ಅದೂ ಗಾಡಿಗಳು ಹೆಚ್ಚು ಓಡಾಡುವ ಜಾಗದಲ್ಲೇ. ರೇಸ್ ಟ್ರ್ಯಾಕಿನಲ್ಲೂ ಒಣಗಿದ್ದಾಗ ಎಲ್ಲರೂ ಹಿಡಿಯುವ ದಾರಿಯಲ್ಲಿ ಟೈರಿನ ರಬ್ಬರ್ ಮೆತ್ತಿಕೊಂಡಿರುತ್ತದೆ. ನೀರು ಬಿದ್ದರೆ ಅದು ನುಣುಪು. ಮಳೆಯಲ್ಲಿ ಅನುಭವಿಗಳು ಆ ದಾರಿ ಬಿಟ್ಟು ಹೊರಗಿನ ಒರಟು ನೆಲವನ್ನು ಹುಡುಕುತ್ತಾರೆ. ಬಿಸಿಲಲ್ಲಿ ಕಲಿತ ದಾರಿಯನ್ನೇ ಹಟ ಹಿಡಿದು ಓಡಿಸುವವನಿಗೆ ಮಳೆ ಒಲಿಯುವುದಿಲ್ಲ.

ಇಲ್ಲಿ ಒಬ್ಬ ಓದುಗರ ಪ್ರಶ್ನೆ ನನಗೆ ಕೇಳಿಸುತ್ತಿದೆ: ಇದೆಲ್ಲ ಎಳೆಯ ಹುಡುಗರ ಚುರುಕು ಬೆರಳಿನ ಆಟವಲ್ಲವೇ? ನನಗೂ ಹಾಗೇ ಅನ್ನಿಸಿತ್ತು. ನಲವತ್ತು ದಾಟಿದ ಕೈ, ಇನ್ನು ಇಷ್ಟೇ ಎಂದುಕೊಂಡ ರಾತ್ರಿಗಳಿವೆ. ಆದರೆ ಅದು ಅಷ್ಟು ನಿಜವಲ್ಲ ಎನ್ನಲು ಗಟ್ಟಿ ಸಾಕ್ಷ್ಯವಿದೆ. ಸೋನಿಯ ಸಂಶೋಧಕರು ಇದೇ ಗ್ರಾನ್ ಟುರಿಸ್ಮೊ ಸರಣಿಯ ಆಟಕ್ಕೆ ಸೋಫಿ ಎಂಬ ಕೃತಕ ಬುದ್ಧಿಮತ್ತೆಯ ಚಾಲಕಿಯನ್ನು ಬೆಳೆಸಿದರು. ಸಾವಿರಕ್ಕೂ ಹೆಚ್ಚು ಪ್ಲೇಸ್ಟೇಷನ್ ಯಂತ್ರಗಳಲ್ಲಿ ಅದನ್ನು ಓಡಿಸಿ ಓಡಿಸಿ, ತಪ್ಪು ಮಾಡಿಸಿ ಮಾಡಿಸಿ ಕಲಿಸಿದರು. 2021ರ ಜುಲೈಯಲ್ಲಿ ಜಗತ್ತಿನ ಅತ್ಯುತ್ತಮ ಆಟಗಾರರ ತಂಡದ ಎದುರು ಅದು ಒಟ್ಟು ಅಂಕದಲ್ಲಿ ಸೋತಿತು, ಅಕ್ಟೋಬರ್‌ನಲ್ಲಿ ಗೆದ್ದಿತು. 2022ರ ಫೆಬ್ರವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದರ ವಿವರ ಬಂತು. ಯಂತ್ರ ಗೆಲ್ಲುವುದು ಬೇಗ ಪ್ರತಿಕ್ರಿಯಿಸುವುದರಿಂದ ಇರಬಹುದಲ್ಲವೇ ಎಂಬ ಅನುಮಾನಕ್ಕೆ ಅವರು ಅದರ ಪ್ರತಿಕ್ರಿಯೆಯನ್ನು ಬೇಕೆಂದೇ ತಡ ಮಾಡಿದರು. ಒಮ್ಮೆ 100, ಒಮ್ಮೆ 200, ಒಮ್ಮೆ 250 ಮಿಲಿಸೆಕೆಂಡು. ಕೊನೆಯದು ಮನುಷ್ಯರ ಪ್ರತಿಕ್ರಿಯೆಯಷ್ಟೇ ನಿಧಾನ. ಆದರೂ ಅದರ ಸುತ್ತು ಮನುಷ್ಯರ ಅತ್ಯುತ್ತಮ ಸುತ್ತಿಗಿಂತ ವೇಗವಾಗಿಯೇ ಇತ್ತು.

ಈ ಸಂಗತಿ ಓದಿದ ದಿನ ನನಗೆ ದೊಡ್ಡ ಸಮಾಧಾನ ಸಿಕ್ಕಿತು. ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡಿಗೆ ಕಾರು 55 ಮೀಟರ್ ದಾಟುತ್ತದೆ. ತಿರುವು ಕಂಡು, ಬೆರಳು ಒತ್ತುವಷ್ಟರಲ್ಲಿ ಹದಿಮೂರು ಹದಿನಾಲ್ಕು ಮೀಟರ್ ಹೋಗಿಬಿಟ್ಟಿರುತ್ತದೆ. ಹಾಗಾಗಿ ಕಂಡಮೇಲೆ ಒತ್ತುವವರು ಯಾರೂ ಚಿನ್ನ ತೆಗೆಯುವುದಿಲ್ಲ. ಬೇಕಾದದ್ದು ಮುಂದೇನು ಬರುತ್ತದೆಂಬ ತಿಳಿವು. ಎಡಗಡೆ ನೂರು ಮೀಟರಿನ ಹಲಗೆ ಪರದೆಯ ಅಂಚಿನಿಂದ ಮರೆಯಾಗುವಾಗ ಬ್ರೇಕ್, ರಸ್ತೆಯಂಚಿನ ಕರ್ಬ್‌ನ ಬಣ್ಣ ಶುರುವಾಗುವಲ್ಲಿ ಸಡಿಲ. ಅದು ವಯಸ್ಸಿನ ಜೊತೆ ಸವೆಯುವ ಸಂಗತಿಯಲ್ಲ.

ಟಿವಿಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು, ಬಹಳ ಜನ ಇದರಿಂದ ಸುಮ್ಮನೆ ನರಳುತ್ತಾರೆ. ಇಂದಿನ ಟಿವಿಗಳು ಚಿತ್ರವನ್ನು ನಯ ಮಾಡಲು, ಬಣ್ಣ ಏರಿಸಲು ಒಳಗೆ ಕೆಲಸ ಮಾಡುತ್ತವೆ. ಅದಕ್ಕೆ ಸಮಯ ಬೇಕು. ನಾನು ಗುಂಡಿ ಒತ್ತಿದ್ದು ಪರದೆಯ ಮೇಲೆ ಕಾಣುವುದು ಅಷ್ಟು ತಡ. ನಮ್ಮ ಮನೆಯ ಟಿವಿಯಲ್ಲಿ ‘ಗೇಮ್ ಮೋಡ್’ ಎಂಬುದು ಸೆಟ್ಟಿಂಗ್ಸ್‌ನ ಮೂರನೆಯ ಪದರದಲ್ಲಿ ಅಡಗಿ ಕೂತಿತ್ತು. ಅದನ್ನು ಹಾಕಿದ ಮೇಲೆ ಕಾರು ಕೈಮಾತು ಕೇಳಿದಂತಾಯಿತು. ಚಿನ್ನ ಬರಲಿಲ್ಲ, ಆದರೆ ಸುಳ್ಳು ಸಿಟ್ಟೊಂದು ಹೋಯಿತು.

ನಿಜವಾದ ಇನ್ನೊಂದು ತಪ್ಪು ನನ್ನ ಅಭ್ಯಾಸದಲ್ಲೇ ಇತ್ತು. ಒಂದು ರಾತ್ರಿ ಪಕ್ಕದಲ್ಲಿ ಕಾಗದ ಇಟ್ಟುಕೊಂಡು ಗೆರೆ ಎಳೆಯುತ್ತಾ ಹೋದೆ. ಒಟ್ಟು 64 ಯತ್ನ. ಅದರಲ್ಲಿ ಕೊನೆಯ ತಿರುವಾದ ಬಸ್ ಸ್ಟಾಪ್ ತನಕ ತಲುಪಿದ್ದು 9 ಸಲ. ಉಳಿದ 55 ಸಲ, ಚಿಕ್ಕ ತಪ್ಪು ಕಂಡ ಕೂಡಲೇ ನಾನೇ ರೀಟ್ರೈ ಒತ್ತಿದ್ದೆ. ಲೆಕ್ಕ ನೋಡಿ ಕೂತುಬಿಟ್ಟೆ. ಮೊದಲ ತಿರುವನ್ನು 64 ಸಲ ಅಭ್ಯಾಸ ಮಾಡಿದವನು ಕೊನೆಯ ತಿರುವನ್ನು 9 ಸಲ ಮಾಡಿದ್ದಾನೆ. ಆ ಒಂಬತ್ತೂ ಎಂಥ ಹೊತ್ತಿನಲ್ಲಿ? ಸುತ್ತು ಚೆನ್ನಾಗಿ ಬಂದಿರುವಾಗ, ಎದೆ ಡವಗುಟ್ಟುತ್ತಿರುವಾಗ. ಅತಿ ಕಡಿಮೆ ಗೊತ್ತಿರುವ ತಿರುವನ್ನು ಅತಿ ಹೆಚ್ಚು ಒತ್ತಡದಲ್ಲಿ ಎದುರಿಸುವ ವ್ಯವಸ್ಥೆಯನ್ನು ನಾನೇ ಮಾಡಿಕೊಂಡಿದ್ದೆ. ಬಸ್ ಸ್ಟಾಪ್‌ನಲ್ಲಿ ಕೆಡುತ್ತಿದ್ದದ್ದರಲ್ಲಿ ಆಶ್ಚರ್ಯವೇನು? (ಅಲ್ಲಿ ಹಿಂದೆ ನಿಜವಾಗಿಯೂ ಬಸ್ಸು ನಿಲ್ಲುತ್ತಿತ್ತು, ಸಾರ್ವಜನಿಕ ರಸ್ತೆಯಾಗಿದ್ದ ಕಾಲದಲ್ಲಿ.)

ಸಂಗೀತ ಕಲಿತವರು ಈ ತಪ್ಪನ್ನು ಮಾಡುವುದಿಲ್ಲ, ಗುರುಗಳು ಬಿಡುವುದಿಲ್ಲ. ಅಲಂಕಾರವನ್ನು ಮೊದಲ ಕಾಲದಲ್ಲಿ ನಿಧಾನವಾಗಿ ಹಾಡಿಸಿ, ಎರಡನೆಯ ಕಾಲ, ಮೂರನೆಯ ಕಾಲಕ್ಕೆ ಏರಿಸುತ್ತಾರೆ. ಕೃತಿಯಲ್ಲಿ ಒಂದು ಸಂಗತಿ ಎಡವಿದರೆ ಪಲ್ಲವಿಯಿಂದ ಶುರು ಮಾಡು ಎನ್ನುವುದಿಲ್ಲ, ಆ ಸಂಗತಿಯನ್ನಷ್ಟೇ ಇಪ್ಪತ್ತು ಸಲ ಹೇಳಿಸುತ್ತಾರೆ. ಎಡವಿದಾಗಲೆಲ್ಲ ಪಲ್ಲವಿಗೆ ಓಡುವ ಶಿಷ್ಯನಿಗೆ ಪಲ್ಲವಿ ಬಾಯಿಪಾಠವಾಗುತ್ತದೆ, ಚರಣ ಬರುವುದೇ ಇಲ್ಲ. ರೀಟ್ರೈ ಗುಂಡಿ ನನ್ನನ್ನು ಅಂಥ ಶಿಷ್ಯನನ್ನಾಗಿ ಮಾಡಿತ್ತು.

ಇನ್ನೊಂದು ತಿಳಿವಳಿಕೆಯೂ ಬೇಕು. ಮೊದಲ ದಿನ ಒಂದೊಂದು ಸುತ್ತಿಗೆ ಎರಡು ಸೆಕೆಂಡು ಇಳಿಯುತ್ತಿತ್ತು, ಈಗ ಒಂದು ವಾರಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗವೂ ಇಳಿಯುವುದಿಲ್ಲ, ನಾನು ನಿಂತಲ್ಲೇ ನಿಂತೆನೇ ಎಂಬ ಭಯ ಎಲ್ಲರಿಗೂ ಬರುತ್ತದೆ. ಸಂಶೋಧಕರಾದ ಅಲೆನ್ ನ್ಯೂವೆಲ್ ಮತ್ತು ಪಾಲ್ ರೋಸೆನ್‌ಬ್ಲೂಮ್ 1981ರಲ್ಲಿ ಹತ್ತಾರು ಬಗೆಯ ಕೌಶಲಗಳ ಅಂಕಿಗಳನ್ನು ಜೊತೆಗಿಟ್ಟು ನೋಡಿದರು. ಎಲ್ಲದರ ಗೆರೆಯೂ ಒಂದೇ ಆಕಾರದಲ್ಲಿತ್ತು. ಮೊದಲು ಕಡಿದಾದ ಇಳಿತ, ಆಮೇಲೆ ಉದ್ದಕ್ಕೂ ಚಪ್ಪಟೆಯಾಗುವ ಬಾಲ. ಬಾಲ ಚಪ್ಪಟೆಯಾದರೂ ಇಳಿಯುತ್ತಲೇ ಇರುತ್ತದೆ. 1959ರಲ್ಲಿ ಕ್ರಾಸ್‌ಮನ್ ಎಂಬ ಸಂಶೋಧಕರು ಸಿಗಾರ್ ಕಾರ್ಖಾನೆಯ ಕೆಲಸಗಾರರ ಕೈವೇಗವನ್ನು ಅಳೆದಾಗ ವರ್ಷಗಟ್ಟಲೆ ಕೆಲಸ ಮಾಡಿದವರೂ ಇನ್ನೂ ಸ್ವಲ್ಪ ಸ್ವಲ್ಪ ವೇಗವಾಗುತ್ತಲೇ ಇದ್ದದ್ದು ಕಂಡಿತು. ಕರಾವಳಿಯಲ್ಲಿ ಬೀಡಿ ಕಟ್ಟುವ ಹೆಂಗಸರ ಕೈಯನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಾತಾಡುತ್ತಾ, ಮಗುವನ್ನು ಗದರುತ್ತಾ, ಎಲೆಯ ಕಡೆ ನೋಡದೆ ಸುತ್ತುವ ಆ ಬೆರಳುಗಳು ಒಂದು ತಿಂಗಳಲ್ಲಿ ಹಾಗಾಗಿರುವುದಿಲ್ಲ. ಚಿನ್ನದ ಪದಕ ಇರುವುದು ಈ ಬಾಲದ ಮೇಲೆ. ಅಲ್ಲಿ ಒಂದು ದಿನದ ಫಲವನ್ನು ಅದೇ ದಿನ ಅಳೆಯಹೊರಟರೆ ಕಣ್ಣಿಗೆ ಏನೂ ಕಾಣದು.

ಬೀಡಿ ಕಟ್ಟುವವರು ನೋಡದೆ ಕಟ್ಟುತ್ತಾರೆ ಎಂಬುದನ್ನು ಬೇಕೆಂದೇ ಹೇಳಿದೆ. ಕೈಗೆ ಇಳಿದ ಕೆಲಸವನ್ನು ನೋಡಲು ಹೋದರೆ ಕೆಡುತ್ತದೆ. ಸುತ್ತಿನ ನಡುವೆ ಒಂದು ಗುರುತು ದಾಟಿದಾಗ ಪರದೆಯಲ್ಲಿ ಅಂತರ ತೋರುತ್ತದೆ, ಹಿಂದಿದ್ದರೆ ಕೆಂಪು, ಮುಂದಿದ್ದರೆ ಬೇರೆ ಬಣ್ಣ. ಲಾ ಸೂರ್ಸ್ ಸರಿಮಾಡಿಕೊಂಡ ಮೇಲೆ ಮೊದಲ ಬಾರಿಗೆ ಕೆಂಪಿಲ್ಲದ ಅಂಕಿ ಕಂಡಿತು. ಆ ಕ್ಷಣದಿಂದ ನಾನು ಪ್ರತಿ ಬೆರಳನ್ನೂ ಗಮನಿಸತೊಡಗಿದೆ. ಇಲ್ಲಿ ಹುಷಾರು, ಇಲ್ಲಿ ಮೆಲ್ಲಗೆ, ಇದು ಕೆಡಬಾರದು. ಪೂಹೋಂ ಎಂಬ ದೊಡ್ಡ ಎಡ ತಿರುವಿನಲ್ಲಿ, ನೂರು ಸಲ ತಾನಾಗಿ ದಾಟಿದ ಜಾಗದಲ್ಲೇ, ಕಾರು ಹೊರಗೆ ಹೋಯಿತು. ಇದು ಹೆದರಿಕೆಯಿಂದ ಬುದ್ಧಿ ಮಂಕಾದದ್ದಲ್ಲ. ಮನೋವಿಜ್ಞಾನಿ ರಾಯ್ ಬೌಮೈಸ್ಟರ್ 1984ರಲ್ಲಿ, ಆಮೇಲೆ ಸಿಯಾನ್ ಬೈಲಾಕ್, ಇದನ್ನೇ ಪ್ರಯೋಗಗಳಿಂದ ವಿವರಿಸಿದ್ದಾರೆ. ಒತ್ತಡ ಬಂದಾಗ ಗಮನ ಒಳಕ್ಕೆ ತಿರುಗುತ್ತದೆ, ತಾನಾಗಿ ಆಗುತ್ತಿದ್ದ ಚಲನೆಯನ್ನು ತುಂಡು ತುಂಡಾಗಿ ನಿಭಾಯಿಸಲು ಹೋಗುತ್ತದೆ, ತುಂಡುಗಳು ಕೂಡುವುದಿಲ್ಲ. ನಾನು ಕಂಡುಕೊಂಡ ಉಪಾಯ ಇಷ್ಟೇ. ಅಂಕಿ ಕಾಣುವ ಮೂಲೆಯ ಮೇಲೆ ಚೂರು ಕಾಗದ ಅಂಟಿಸಿಬಿಟ್ಟೆ. ಹೇಗೆ ಹೋಗುತ್ತಿದೆ ಎಂದು ಗೊತ್ತಿಲ್ಲದ ಕೈ ತನ್ನ ಪಾಡಿಗೆ ಹೋಗುತ್ತದೆ.

ನಿಲ್ಲಿಸುವುದನ್ನೂ ಕಲಿಯಬೇಕಾಯಿತು. 2019ರಲ್ಲಿ ಅಮೆರಿಕದ ಸಂಶೋಧಕರು ಜನರಿಗೆ ಹತ್ತು ಸೆಕೆಂಡು ಬೆರಳಿನ ಕ್ರಮವೊಂದನ್ನು ಒತ್ತಲು ಹೇಳಿ, ಹತ್ತು ಸೆಕೆಂಡು ಬಿಡುವು ಕೊಟ್ಟು, ಮತ್ತೆ ಒತ್ತಿಸಿದರು. ಆರಂಭದ ಕಲಿಕೆ ಬಹುಪಾಲು ನಡೆದದ್ದು ಆ ಬಿಡುವುಗಳಲ್ಲಿ. ನಿದ್ದೆಯ ಬಗ್ಗೆ 2002ರಲ್ಲೇ ಮ್ಯಾಥ್ಯೂ ವಾಕರ್ ಮತ್ತು ಸಂಗಡಿಗರು ಇಂಥದೇ ಬೆರಳಿನ ಕೆಲಸದಲ್ಲಿ ರಾತ್ರಿ ಕಳೆದ ಮೇಲೆ ಸುಧಾರಣೆ ಕಂಡಿದ್ದರು. ಅದು ಎಷ್ಟರ ಮಟ್ಟಿಗೆ ನಿದ್ದೆಯ ಫಲ ಎಂಬ ಚರ್ಚೆ ಆಮೇಲೆ ನಡೆದಿದೆ. ನನ್ನ ಮಟ್ಟಿಗೆ ಹೇಳುವುದಾದರೆ, ನಡುರಾತ್ರಿ ಒಂದು ಗಂಟೆಗೆ ಸಿಟ್ಟಿನಲ್ಲಿ ತೆಗೆದ ಸಮಯ ಒಂದೂ ಉಳಿದಿಲ್ಲ. ಉಳಿದವೆಲ್ಲ ಮೊದಲ ಇಪ್ಪತ್ತು ನಿಮಿಷದವು. ರೀಟ್ರೈ ಒತ್ತಿದರೆ ಮರುಕ್ಷಣ ಕಾರು ಸಿದ್ಧ, ಅಲ್ಲಿ ಬಿಡುವೇ ಇಲ್ಲ. ಬಿಡುವನ್ನು ನಾವೇ ಮಾಡಿಕೊಳ್ಳಬೇಕು. ಈಗ ಐದು ಸಲಕ್ಕೊಮ್ಮೆ ಕಂಟ್ರೋಲರ್ ಕೆಳಗಿಟ್ಟು ಎದ್ದು ನೀರು ಕುಡಿದು ಬರುತ್ತೇನೆ.

ಇದರಿಂದ ಏನು ಉಪಯೋಗ ಎಂದು ಕೇಳುವವರಿಗೆ ಉದಾಹರಣೆ ಕೊಡಲು ಕಷ್ಟವಿಲ್ಲ. ಇದೇ ಸರಣಿಯ ಹಿಂದಿನ ಆಟದ ಟೈಮ್ ಟ್ರಯಲ್‌ನಲ್ಲಿ ಆಯ್ಕೆಯಾದ ಸ್ಪೇನಿನ ಲೂಕಾಸ್ ಓರ್ಡೊನ್ಯೆಸ್ 2011ರ ಲೆ ಮಾನ್ 24 ಗಂಟೆಯ ರೇಸಿನಲ್ಲಿ ತನ್ನ ವರ್ಗದಲ್ಲಿ ಎರಡನೆಯ ಸ್ಥಾನ ಪಡೆದ. ವೇಲ್ಸ್‌ನ ಯಾನ್ ಮಾರ್ಡೆನ್‌ಬರೊ 2011ರಲ್ಲಿ ಹೀಗೇ ಗೆದ್ದು ವೃತ್ತಿಪರ ಚಾಲಕನಾದ. ಅವನ ಬದುಕಿನ ಮೇಲೆ 2023ರಲ್ಲಿ ಸಿನಿಮಾ ಬಂತು. ಆದರೆ ಅವರನ್ನು ತೋರಿಸಿ ನನ್ನ ಮೂರು ವಾರವನ್ನು ಸಮರ್ಥಿಸಿಕೊಳ್ಳುವ ಅಗತ್ಯ ನನಗಿಲ್ಲ. ಒಂದು ತಿರುವನ್ನು ಸರಿಯಾಗಿ ತಿರುಗಬೇಕೆಂಬ ಆಸೆಗೆ ಬೇರೆ ಕಾರಣ ಬೇಡ.

ಕಳೆದ ಭಾನುವಾರ ಬೆಳಿಗ್ಗೆ ಪರೀಕ್ಷೆಯನ್ನು ತೆರೆಯಲೇ ಇಲ್ಲ. ಆಟದಲ್ಲಿ ‘ಸರ್ಕ್ಯೂಟ್ ಎಕ್ಸ್‌ಪೀರಿಯೆನ್ಸ್’ ಎಂಬ ಇನ್ನೊಂದು ವಿಭಾಗವಿದೆ. ಟ್ರ್ಯಾಕನ್ನು ತುಂಡು ಮಾಡಿ ಒಂದೊಂದನ್ನೇ ಆಡಬಹುದು. ಅಲ್ಲಿ ಮಳೆಯಿಲ್ಲ, ಕಾರೂ ಬೇರೆ, ಆದರೆ ತಿರುವು ಅದೇ ಜಾಗದಲ್ಲಿದೆ. ಸ್ಪಾದ ಕೊನೆಯ ತುಂಡನ್ನಷ್ಟೇ ತೆಗೆದುಕೊಂಡು ನಲವತ್ತು ಸಲ ಮಾಡಿದೆ. ಬ್ಲಾಂಶಿಮೋಂನ ವೇಗದ ಎಡ ತಿರುವು, ಸಣ್ಣ ನೇರ ರಸ್ತೆ, ಬಸ್ ಸ್ಟಾಪ್‌ನ ಬಲ, ಕೂಡಲೇ ಎಡ. ಬಲಕ್ಕೆ ತಿರುಗುವಾಗ ಆಸೆಪಟ್ಟು ಕರ್ಬ್ ಹತ್ತಿದರೆ ಎಡಕ್ಕೆ ಕಾರು ಸಿದ್ಧವಿರುವುದಿಲ್ಲ. ಮೊದಲನೆಯದನ್ನು ಬಿಟ್ಟುಕೊಟ್ಟರೆ ಎರಡನೆಯದು ಸಿಗುತ್ತದೆ. ಲಾ ಸೂರ್ಸ್ ಕಲಿಸಿದ ಪಾಠವೇ ಇಲ್ಲೂ ಇತ್ತು, ನಾನು ಗುರುತಿಸಿರಲಿಲ್ಲ.

ಸಂಜೆ ಮಳೆಯ ಪರೀಕ್ಷೆಗೆ ಮರಳಿದೆ. ಕಾಗದದ ಚೂರು ಮೂಲೆಯಲ್ಲಿ ಹಾಗೇ ಇತ್ತು. ಏಳನೆಯ ಸುತ್ತಿನಲ್ಲಿ ಬಸ್ ಸ್ಟಾಪ್ ದಾಟುವಾಗ ಗೋಸ್ಟ್ ನನ್ನ ಬಾನೆಟ್ಟಿನೊಳಗೇ ಅರ್ಧ ಮುಳುಗಿತ್ತು, ಅದರ ಹಿಂಬದಿಯ ಕೆಂಪು ದೀಪ ನನ್ನ ಗಾಜಿನ ಮೇಲಿನ ನೀರಿನ ಜೊತೆ ಕಲಸಿಕೊಂಡಿತ್ತು. ಗೆರೆ ದಾಟಿದೆವು. 0.087 ಸೆಕೆಂಡು ಹಿಂದೆ.

ರೀಟ್ರೈ ಒತ್ತದೆ ರಿಪ್ಲೇ ಹಾಕಿದೆ. ಸ್ಟಾವ್ಲೋದ ಬಲ ತಿರುವಿನಲ್ಲಿ, ರಸ್ತೆ ನೇರವಾಗುವ ಮೊದಲೇ, ನನ್ನ ಎಕ್ಸಲರೇಟರಿನ ಪಟ್ಟಿ ಪೂರ್ತಿ ಏರಿದೆ. ಹಿಂದಿನ ಚಕ್ರ ಒಂದು ಕ್ಷಣ ತೆಳ್ಳಗೆ ನೀರು ಎರಚಿ ಸುಮ್ಮನೆ ತಿರುಗುತ್ತದೆ. ನಾಳೆ ಅಲ್ಲಿಂದ ಶುರು.